ನಡುಮನೆಯ ಹಾಸಿಗೆಗೆ ಲೆಕ್ಕವಿಲ್ಲ

ಮನೆಯಲ್ಲಿ ನಡೆಯುವ ಆರೈಕೆಯನ್ನು ಅಂಕಿಗಳಲ್ಲಿ ಹಿಡಿಯಬೇಕೆಂದರೆ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಮನೆಯಲ್ಲೇ ಹಾಸಿಗೆ ಹಿಡಿದವರು ಎಷ್ಟು ಮಂದಿ? ಅವರನ್ನು ನೋಡಿಕೊಳ್ಳುತ್ತಿರುವವರು ಯಾರು? ಅವರು ಕೊನೆಯುಸಿರೆಳೆಯುವುದು ಎಲ್ಲಿ, ಯಾವ ಚಿಕಿತ್ಸೆಯ ನಡುವೆ? ಈ ಮೂರಕ್ಕೂ ಒಂದೇ ಕಡೆ ಉತ್ತರ ಕೊಡುವ ರಾಷ್ಟ್ರೀಯ ಸಮೀಕ್ಷೆ ಭಾರತದಲ್ಲಿಲ್ಲ. ಉತ್ತರಗಳು ತುಂಡುತುಂಡಾಗಿ ಬೇರೆ ಬೇರೆ ಕಡತಗಳಲ್ಲಿವೆ. ಕೆಲವು ಅಂಕಿಅಂಶ ಸಚಿವಾಲಯದ ಸಮೀಕ್ಷೆಗಳಲ್ಲಿ, ಕೆಲವು ಜನನ ಮರಣ ನೋಂದಣಿಯ ನಮೂನೆಗಳಲ್ಲಿ, ಇನ್ನು ಕೆಲವು ಆಶಾ ಕಾರ್ಯಕರ್ತೆಯ ಚೀಲದಲ್ಲಿ.

ಕಡೂರು ತಾಲ್ಲೂಕಿನ ದೇವನೂರನ್ನೇ ಎದುರಿಗಿಟ್ಟುಕೊಂಡು ಈ ತುಂಡುಗಳನ್ನು ಜೋಡಿಸಿ ನೋಡಬಹುದು. ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರೆಂದು, ಲಕ್ಷ್ಮೀಕಾಂತ ದೇವಾಲಯದ ಊರೆಂದು ಕನ್ನಡಿಗರಿಗೆ ದೇವನೂರು ಗೊತ್ತು. ಆರೋಗ್ಯದ ಲೆಕ್ಕದಲ್ಲಿ ಅದು ಬಯಲುಸೀಮೆಯ ಅಂಚಿನ ಸಾಮಾನ್ಯ ಹಳ್ಳಿ. ದೊಡ್ಡ ಕಾಯಿಲೆ ಬಂದರೆ ಕಡೂರು, ಅಲ್ಲಿಂದ ಮುಂದೆ ಚಿಕ್ಕಮಗಳೂರು, ಹಾಸನ ಇಲ್ಲವೇ ಶಿವಮೊಗ್ಗ. ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿ. ಅಲ್ಲಿಯ ವೈದ್ಯರು ‘ಇನ್ನು ಮನೆಗೆ ಕರೆದುಕೊಂಡು ಹೋಗಿ ನೋಡಿಕೊಳ್ಳಿ’ ಎಂದ ಮೇಲೆ ರೋಗಿ ನಡುಮನೆಯ ಮಂಚಕ್ಕೆ ಮರಳುತ್ತಾರೆ. ಆಸ್ಪತ್ರೆಯ ಹಾಸಿಗೆಗೆ ಸಂಖ್ಯೆ ಇರುತ್ತದೆ, ಈ ಮಂಚಕ್ಕೆ ಇರುವುದಿಲ್ಲ.

ಬಿಲ್ ಇದ್ದಲ್ಲಿ ಅಂಕಿ

ಮನೆ ಆರೈಕೆಯನ್ನು ರಾಷ್ಟ್ರಮಟ್ಟದಲ್ಲಿ ಎಣಿಸುವ ಕೆಲಸಕ್ಕೆ ಅಮೆರಿಕ ದೊಡ್ಡ ಉದಾಹರಣೆ. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರ 1992ರಿಂದ 2007ರ ನಡುವೆ ಏಳು ಬಾರಿ ಮನೆ ಆರೈಕೆ ಮತ್ತು ಹಾಸ್ಪೈಸ್ ಸಮೀಕ್ಷೆ ನಡೆಸಿತು. ಹಾಸ್ಪೈಸ್ ಎಂದರೆ ಗುಣವಾಗದ ಕಾಯಿಲೆಯವರ ಕೊನೆಯ ದಿನಗಳನ್ನು ನೋವಿಲ್ಲದೆ ಕಳೆಸುವ ಆರೈಕೆ. ಅದು ಕಟ್ಟಡವೊಂದರಲ್ಲಿ ನಡೆಯಬಹುದು, ರೋಗಿಯ ಮನೆಯಲ್ಲೂ ನಡೆಯಬಹುದು. 2007ರ ಸಮೀಕ್ಷೆಯ ಪ್ರಕಾರ ಯಾವುದೇ ಒಂದು ದಿನ ಸುಮಾರು 14.6 ಲಕ್ಷ ಮಂದಿ ಮನೆಯಲ್ಲೇ ವೃತ್ತಿಪರ ಆರೈಕೆ ಪಡೆಯುತ್ತಿದ್ದರು. ವರ್ಷಕ್ಕೆ ಸುಮಾರು 10.4 ಲಕ್ಷ ಮಂದಿ ಹಾಸ್ಪೈಸ್ ಸೇವೆ ಮುಗಿಸಿದ್ದರು, ಅವರಲ್ಲಿ ಹೆಚ್ಚಿನವರು ತೀರಿಕೊಂಡವರೇ. 2022ರಲ್ಲಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ವ್ಯಾಪ್ತಿಯ ಸುಮಾರು 17.2 ಲಕ್ಷ ಮಂದಿ ಹಾಸ್ಪೈಸ್ ಸೇವೆ ಪಡೆದರು. ಆ ವರ್ಷ ತೀರಿಕೊಂಡ ಮೆಡಿಕೇರ್ ಫಲಾನುಭವಿಗಳಲ್ಲಿ ಶೇ 49ರಷ್ಟು ಮಂದಿಗೆ ಈ ಸೇವೆ ಸಿಕ್ಕಿತ್ತು.

ಇಷ್ಟು ಖಚಿತವಾದ ಲೆಕ್ಕದ ಹಿಂದಿರುವುದು ಹಣಪಾವತಿಯ ಏರ್ಪಾಟು. 1982ರಲ್ಲಿ ಅಮೆರಿಕದ ಸಂಸತ್ತು ಮೆಡಿಕೇರ್‌ಗೆ ಹಾಸ್ಪೈಸ್ ಸೌಲಭ್ಯ ಸೇರಿಸಿತು. ರೋಗಿ ಇನ್ನು ಆರು ತಿಂಗಳಿಗಿಂತ ಹೆಚ್ಚು ಬದುಕುವ ಸಾಧ್ಯತೆ ಕಡಿಮೆ ಎಂದು ವೈದ್ಯರು ಬರೆದುಕೊಟ್ಟರೆ, ಮನೆಗೆ ಬರುವ ನರ್ಸ್, ಔಷಧಿ, ಮಂಚ, ಆಮ್ಲಜನಕ ಎಲ್ಲದರ ಖರ್ಚನ್ನೂ ವಿಮೆ ಭರಿಸುತ್ತದೆ. ಆರೈಕೆಯ ಪ್ರತಿ ದಿನಕ್ಕೂ ಬಿಲ್ ಇದೆ, ಪ್ರತಿ ಬಿಲ್ಲೂ ಒಂದು ದಾಖಲೆ. ದುಡ್ಡು ಹರಿದ ದಾರಿಯಲ್ಲೇ ಅಂಕಿಯೂ ಹರಿದುಬಂದಿದೆ.

ಭಾರತದಲ್ಲಿ ಆ ದಾರಿ ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಸೇರಿದಂತೆ ಸರ್ಕಾರಿ ವಿಮಾ ಯೋಜನೆಗಳು ಮುಖ್ಯವಾಗಿ ಒಳರೋಗಿ ಚಿಕಿತ್ಸೆಯ ಸುತ್ತ ಕಟ್ಟಿದವು. ದಾಖಲಾದ ರೋಗಿ ಲೆಕ್ಕಕ್ಕೆ ಸಿಗುತ್ತಾನೆ. ಮನೆಗೆ ಬಂದು ಎರಡು ವರ್ಷ ಮಲಗಿದವನಿಗೆ ಸೊಸೆ ಅನ್ನ ಕಲಸಿ ತಿನ್ನಿಸಿದ್ದಕ್ಕೆ, ಮಗ ಎತ್ತಿ ಮಗ್ಗುಲು ಬದಲಿಸಿದ್ದಕ್ಕೆ ಬಿಲ್ ಇಲ್ಲ. ಆದ್ದರಿಂದ ಅಂಕಿಯೂ ಇಲ್ಲ.

ಹಾಸಿಗೆ ಹಿಡಿದವರು ಎಷ್ಟು

ಮೊದಲ ಪ್ರಶ್ನೆಗೆ ಉತ್ತರದ ಬುನಾದಿ ಜನಗಣತಿ. 2011ರಲ್ಲಿ ದೇಶದಲ್ಲಿ 60 ದಾಟಿದವರು 10.38 ಕೋಟಿ, ಜನಸಂಖ್ಯೆಯ ಶೇ 8.6. ಅಧಿಕೃತ ಅಂದಾಜಿನಂತೆ 2021ರ ಹೊತ್ತಿಗೆ ಕರ್ನಾಟಕದಲ್ಲಿ ಈ ಪ್ರಮಾಣ ಶೇ 11.5ಕ್ಕೆ ಏರಿತ್ತು. ಚಿಕ್ಕಮಗಳೂರು ಜಿಲ್ಲೆಯ ಕಥೆ ಇನ್ನೂ ವಿಶಿಷ್ಟ. 2001ರಲ್ಲಿ 11,40,905 ಇದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಇಡೀ ರಾಜ್ಯ ಬೆಳೆದ ಹತ್ತು ವರ್ಷಗಳಲ್ಲಿ ಈ ಜಿಲ್ಲೆ ಕುಗ್ಗಿತು. ಮಕ್ಕಳು ಕಡಿಮೆಯಾಗಿ, ದುಡಿಯುವ ವಯಸ್ಸಿನವರು ಪಟ್ಟಣ ಸೇರಿದ ಕಡೆ ಊರಿನಲ್ಲಿ ಉಳಿದವರ ಸರಾಸರಿ ವಯಸ್ಸು ಏರುತ್ತದೆ. ಆರೈಕೆ ಬೇಕಾದವರು ಹೆಚ್ಚುತ್ತಾರೆ, ಮಾಡುವ ಕೈಗಳು ಕಡಿಮೆಯಾಗುತ್ತವೆ.

ಎಷ್ಟು ಜನ ನಿಜಕ್ಕೂ ಎದ್ದು ಓಡಾಡಲಾರರು ಎಂಬುದನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆ ಕೇಳುತ್ತ ಬಂದಿದೆ. 2004ರ 60ನೇ ಸುತ್ತಿನಲ್ಲಿ ಹಿರಿಯರಲ್ಲಿ ಸುಮಾರು ಶೇ 8ರಷ್ಟು ಮಂದಿ ಮನೆಗೋ ಹಾಸಿಗೆಗೋ ಸೀಮಿತರಾಗಿದ್ದರು. 60ರಿಂದ 64ರ ವಯಸ್ಸಿನವರಲ್ಲಿ ಶೇ 94–95 ಮಂದಿ ಓಡಾಡಿಕೊಂಡಿದ್ದರು. 80 ದಾಟಿದವರಲ್ಲಿ ಆ ಪ್ರಮಾಣ ಗಂಡಸರಿಗೆ ಸುಮಾರು ಶೇ 72ಕ್ಕೆ ಇಳಿದಿತ್ತು. ಹೆಂಗಸರಲ್ಲಿ ಅದಕ್ಕಿಂತಲೂ ಕಡಿಮೆ. 2017ರ ಜುಲೈಯಿಂದ 2018ರ ಜೂನ್‌ವರೆಗೆ ನಡೆದ 75ನೇ ಸುತ್ತು 1,13,823 ಕುಟುಂಬಗಳನ್ನು ಮಾತನಾಡಿಸಿತು. ಹಿಂದಿನ 15 ದಿನಗಳಲ್ಲಿ ಕಾಯಿಲೆ ಬಿದ್ದಿದ್ದೇವೆ ಎಂದವರು ಒಟ್ಟು ಜನರಲ್ಲಿ ಶೇ 7.5, ಹಿರಿಯರಲ್ಲಿ ಶೇ 27.7.

ಇದಕ್ಕಿಂತ ಆಳಕ್ಕೆ ಹೋದದ್ದು ಭಾರತದ ವೃದ್ಧಾಪ್ಯ ಕುರಿತ ದೀರ್ಘಾವಧಿ ಅಧ್ಯಯನ, ಅಂದರೆ ‘ಲಾಸಿ’. 2010ರಲ್ಲಿ ಅದರ ಪ್ರಾಯೋಗಿಕ ಹಂತ ನಡೆದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017–18ರ ಮೊದಲ ಸುತ್ತಿನಲ್ಲಿ 45 ದಾಟಿದವರು, ಅವರ ಸಂಗಾತಿಗಳು ಸೇರಿ 72,250 ಮಂದಿಯನ್ನು ಮಾತನಾಡಿಸಲಾಯಿತು. ಅವರಲ್ಲಿ 31,464 ಮಂದಿ 60 ದಾಟಿದವರು. ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಸ್ನಾನ, ಶೌಚ, ಹಾಸಿಗೆಯಿಂದ ಏಳುವುದು, ನಡೆಯುವುದು – ಈ ನಿತ್ಯಕರ್ಮಗಳಲ್ಲಿ ಒಂದಾದರೂ ಕಷ್ಟವಾಗುತ್ತದೆ ಎಂದವರು ಹಿರಿಯರಲ್ಲಿ ಸುಮಾರು ಶೇ 24. ‘ಆರೋಗ್ಯ ಹೇಗಿದೆ’ ಎಂದು ಕೇಳಿದರೆ ‘ಏನೋ ನಡೀತಿದೆ’ ಎನ್ನುವ ಅಜ್ಜಿ, ‘ಕೂತಲ್ಲಿಂದ ಏಳೋಕೆ ಯಾರಾದರೂ ಹಿಡ್ಕೋಬೇಕಾ’ ಎಂದು ಕೇಳಿದರೆ ನಿಜ ಹೇಳುತ್ತಾಳೆ. ಕೆಲಸಗಳನ್ನು ಬಿಡಿಬಿಡಿಯಾಗಿ ಕೇಳುವ ಸಮೀಕ್ಷೆಯ ಉಪಯೋಗ ಇದು.

ಇವನ್ನು ಹಳ್ಳಿಯ ಅಳತೆಗೆ ಇಳಿಸಿ ನೋಡಬಹುದು. ಒಬ್ಬ ಆಶಾ ಕಾರ್ಯಕರ್ತೆಯ ಪಾಲಿಗೆ ಸುಮಾರು ಸಾವಿರ ಜನ. ರಾಜ್ಯದ ಸರಾಸರಿಯನ್ನೇ ಹಿಡಿದರೂ ಅವರಲ್ಲಿ ಹಿರಿಯರು 115. ಶೇ 8ರ ಲೆಕ್ಕದಲ್ಲಿ ಮನೆ ಅಥವಾ ಹಾಸಿಗೆ ಹಿಡಿದವರು ಒಂಬತ್ತು ಮಂದಿ. ದೇವನೂರಿನಂಥ ಊರಿನಲ್ಲಿ ಆ ಒಂಬತ್ತು ಮನೆಗಳು ಯಾವುವೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಇದೇ ಲೆಕ್ಕವನ್ನು ಜಿಲ್ಲೆಗೆ ಹಾಕಿದರೆ ಹತ್ತು ಸಾವಿರ ದಾಟುತ್ತದೆ. ಇದು ಸರಾಸರಿಗಳನ್ನು ಗುಣಿಸಿ ಪಡೆದ ಅಂದಾಜು, ಮನೆ ಮನೆ ಎಣಿಸಿದ ಸಂಖ್ಯೆಯಲ್ಲ.

ನೋಡಿಕೊಳ್ಳುವವರು

ಹಾಸಿಗೆ ಹಿಡಿದವರ ಆರೈಕೆ ಹೊರಗಿನಿಂದ ಕಂಡಷ್ಟು ಸರಳವಲ್ಲ. ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಳೆಯ ಹತ್ತಿ ಸೀರೆ ಹರಿದು ಮಡಿಸಿ ಕೆಳಗೆ ಹಾಸಬೇಕು, ಒದ್ದೆಯಾದಾಗಲೆಲ್ಲ ತೆಗೆದು ಒಗೆಯಬೇಕು. ಮೂಗಿನ ಟ್ಯೂಬ್ ಇದ್ದರೆ ತೆಳ್ಳಗಿನ ಗಂಜಿ ಸೋಸಿ, ತಲೆಯ ಕಡೆ ಎತ್ತರಿಸಿ, ನಿಧಾನವಾಗಿ ಬಿಡಬೇಕು. ಕ್ಯಾತಿಟರ್ ಚೀಲವನ್ನು ಸೊಂಟದ ಮಟ್ಟಕ್ಕಿಂತ ಕೆಳಗೇ ಇಡಬೇಕು. ಆಸ್ಪತ್ರೆಯಲ್ಲಿ ಮೂರು ಪಾಳಿಯ ಸಿಬ್ಬಂದಿ ಹಂಚಿಕೊಳ್ಳುವ ಈ ಕೆಲಸವನ್ನು ಮನೆಯಲ್ಲಿ ಹೆಚ್ಚಾಗಿ ಒಬ್ಬಳೇ ಹೆಂಗಸು ಮಾಡುತ್ತಾಳೆ.

ಆ ಶ್ರಮ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ಅಷ್ಟಿಷ್ಟು ಕಾಣಿಸುತ್ತದೆ. ಮೊದಲನೆಯದು 2018ರ ಜುಲೈ–ಡಿಸೆಂಬರ್‌ನಲ್ಲಿ ನಡೆದ ಅಂಗವೈಕಲ್ಯ ಕುರಿತ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು. ಅಂಗವಿಕಲರಲ್ಲಿ ಶೇ 62.1 ಮಂದಿಗೆ ನೋಡಿಕೊಳ್ಳುವವರಿದ್ದರು, ಶೇ 37.7 ಮಂದಿಗೆ ಅದರ ಅಗತ್ಯವಿರಲಿಲ್ಲ. ಬೇಕಾಗಿದ್ದೂ ಯಾರೂ ಇಲ್ಲ ಎಂದವರು ಶೇ 0.3 ಮಾತ್ರ. ಈ ಕೊನೆಯ ಅಂಕಿ ನೋಡಿದರೆ ಭಾರತದ ಮನೆಗಳಲ್ಲಿ ಆರೈಕೆಗೆ ಕೊರತೆಯೇ ಇಲ್ಲವೆನಿಸುತ್ತದೆ. ಆದರೆ ಪ್ರಶ್ನೆ ‘ಯಾರಾದರೂ ಇದ್ದಾರೆಯೇ’ ಎಂಬಲ್ಲಿಗೆ ಮುಗಿಯುತ್ತದೆ. ಎಪ್ಪತ್ತೈದರ ಗಂಡನನ್ನು ಎಪ್ಪತ್ತರ ಹೆಂಡತಿ ನೋಡಿಕೊಳ್ಳುತ್ತಿದ್ದರೂ ಲೆಕ್ಕದಲ್ಲಿ ಅದು ‘ಇದ್ದಾರೆ’.

ಎರಡನೆಯದು ಸಮಯ ಬಳಕೆ ಸಮೀಕ್ಷೆ. 2024ರ ಸುತ್ತಿನಂತೆ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ಗಂಡಸರಲ್ಲಿ ಶೇ 21.4. ತೊಡಗಿದ ಹೆಂಗಸು ದಿನಕ್ಕೆ ಸರಾಸರಿ 140 ನಿಮಿಷ ಕೊಟ್ಟರೆ ಗಂಡಸು ಕೊಟ್ಟದ್ದು 74 ನಿಮಿಷ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿರುವುದರಿಂದ ಹಾಸಿಗೆ ಹಿಡಿದವರ ಪಾಲು ಎಷ್ಟೆಂದು ಈ ಒಟ್ಟು ಅಂಕಿಯಿಂದ ತಿಳಿಯುವುದಿಲ್ಲ. ರಾತ್ರಿ ನಾಲ್ಕು ಬಾರಿ ಎಚ್ಚರಗೊಂಡು ಮಗ್ಗುಲು ಬದಲಿಸಿದ್ದು ನಿಮಿಷಗಳ ಲೆಕ್ಕದಲ್ಲಿ ಸಣ್ಣದು. ಕೆಟ್ಟ ನಿದ್ದೆಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಸಾವು ಎಲ್ಲಿ: ಎರಡನೇ ನಮೂನೆ

ಕೊನೆಯ ಪ್ರಶ್ನೆಯ ಉತ್ತರ ಇರುವುದು ಮರಣ ನೋಂದಣಿಯಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮನೆಯಲ್ಲಿ ಸಾವಾದರೆ ಕುಟುಂಬದ ಹಿರಿಯರು 21 ದಿನಗಳೊಳಗೆ ತಿಳಿಸಬೇಕು. ಅದಕ್ಕೆ ತುಂಬುವುದು ನಮೂನೆ 2. ಅದರ ಅಂಕಿಅಂಶ ಭಾಗದಲ್ಲಿ ಸಾವಿಗೆ ಮುನ್ನ ಸಿಕ್ಕ ವೈದ್ಯಕೀಯ ನೆರವು ಯಾವ ಬಗೆಯದು ಎಂಬ ಪ್ರಶ್ನೆಯಿದೆ. ಆಸ್ಪತ್ರೆಯಲ್ಲಿ, ಆಸ್ಪತ್ರೆಯ ಹೊರಗೆ, ಯಾವ ನೆರವೂ ಇಲ್ಲ – ಈ ಮೂರರಲ್ಲಿ ಒಂದನ್ನು ಆರಿಸಬೇಕು. ಬೀಡಿ ಸಿಗರೇಟು, ತಂಬಾಕು, ಮದ್ಯದ ಅಭ್ಯಾಸ ಎಷ್ಟು ವರ್ಷದಿಂದ ಇತ್ತು ಎಂಬುದೂ ಅಲ್ಲಿದೆ. ಅಡಿಕೆ ಜಗಿಯುವ ಅಭ್ಯಾಸಕ್ಕೆ ಪ್ರತ್ಯೇಕ ಸಾಲೇ ಇದೆ. ಅಡಿಕೆ ತೋಟಗಳ ನಡುವಿನ ಊರಿನಲ್ಲಿ ಈ ಸಾಲನ್ನು ತುಂಬದೆ ಬಿಡುವುದು ಬಾಯಿ ಕ್ಯಾನ್ಸರಿನ ಒಂದು ಸುಳಿವನ್ನೇ ಬಿಟ್ಟಂತೆ.

ಈ ನಮೂನೆಗಳೆಲ್ಲ ಸೇರಿ ದೇಶದ ಅಂಕಿಯಾಗುತ್ತವೆ. 2020ರಲ್ಲಿ ನೋಂದಣಿಯಾದ ಸುಮಾರು 81 ಲಕ್ಷ ಸಾವುಗಳಲ್ಲಿ ಆಸ್ಪತ್ರೆಯಂಥ ಸಂಸ್ಥೆಗಳಲ್ಲಿ ಆದವು ಶೇ 28. ಯಾವ ವೈದ್ಯಕೀಯ ನೆರವೂ ಇಲ್ಲದೆ ಆದವು ಶೇ 45. ಅದರ ಹಿಂದಿನ ವರ್ಷ ಈ ಕೊನೆಯ ಪ್ರಮಾಣ ಶೇ 34.5 ಇತ್ತು. ಕೋವಿಡ್ ವರ್ಷದಲ್ಲಿ ಆಸ್ಪತ್ರೆಯ ದಾರಿ ಮುಚ್ಚಿದ್ದು ಈ ಏರಿಕೆಯಲ್ಲಿ ಕಾಣುತ್ತದೆ. ಆದರೆ ಸಾಮಾನ್ಯ ವರ್ಷದಲ್ಲೂ ಮೂರರಲ್ಲೊಂದು ಸಾವು ವೈದ್ಯರಿಲ್ಲದೆ ಆಗಿರುವುದು ಬೇರೆಯೇ ಮಾತು ಹೇಳುತ್ತದೆ.

ಸಾವಿನ ಕಾರಣ ಇನ್ನೂ ಮಸುಕು. ಆಸ್ಪತ್ರೆಯಲ್ಲಿ ಸತ್ತವರಿಗೆ ವೈದ್ಯರು ನಮೂನೆ 4ರಲ್ಲಿ ಕಾರಣ ಬರೆಯುತ್ತಾರೆ. ಮನೆಯಲ್ಲಿ ಸತ್ತವರಿಗೆ, ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿದ್ದರೆ, ನಮೂನೆ 4ಎ. 2020ರಲ್ಲಿ ಹೀಗೆ ವೈದ್ಯಕೀಯವಾಗಿ ಕಾರಣ ದೃಢಪಟ್ಟ ಸಾವುಗಳು 18.11 ಲಕ್ಷ, ನೋಂದಣಿಯಾದವುಗಳ ಶೇ 22.5. ಉಳಿದವು ಊರಿನ ಬಾಯಲ್ಲಿ ‘ವಯಸ್ಸಾಗಿತ್ತು’ ಅಥವಾ ‘ಹಾರ್ಟ್ ನಿಂತು ಹೋಯ್ತು’. ಈ ಕೊರತೆ ತುಂಬಲು ಮಾದರಿ ನೋಂದಣಿ ಪದ್ಧತಿಯ ಸಿಬ್ಬಂದಿ ಆಯ್ದ ಪ್ರದೇಶಗಳಲ್ಲಿ ಸಾವಾದ ಮನೆಗೆ ಹೋಗಿ, ಕೊನೆಯ ದಿನಗಳ ಲಕ್ಷಣಗಳನ್ನು ಮನೆಯವರಿಂದ ಕೇಳಿ ಬರೆದುಕೊಳ್ಳುತ್ತಾರೆ. ಅದನ್ನು ಓದಿ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಕಾರಣ ನಿರ್ಧರಿಸುತ್ತಾರೆ. ಮೌಖಿಕ ಶವಪರೀಕ್ಷೆ ಎಂದು ಕರೆಯುವ ಈ ವಿಧಾನದ ಮೇಲೆಯೇ ಸಾವಿನ ಕಾರಣಗಳ ದೊಡ್ಡ ಅಧ್ಯಯನವಾದ ‘ಮಿಲಿಯನ್ ಡೆತ್ ಸ್ಟಡಿ’ ನಿಂತಿತು.

ಆಸ್ಪತ್ರೆಯ ದಾಖಲೆಯಲ್ಲೂ ಒಂದು ಕಣ್ತಪ್ಪು ಇದೆ. ಉಳಿಯುವುದಿಲ್ಲ ಎಂದು ಗೊತ್ತಾದ ರೋಗಿಯನ್ನು ‘ಜೀವ ಮನೆಯಲ್ಲೇ ಹೋಗಲಿ’ ಎಂದು ಕರೆತರುವುದು ಊರುಗಳಲ್ಲಿ ಹಳೆಯ ವಾಡಿಕೆ. ಖರ್ಚು ತೂಗಿಸಲಾಗದೆ ಕರೆತರುವವರೂ ಉಂಟು. ಕೇಸ್ ಶೀಟಿನಲ್ಲಿ ಅದು ‘ಲಾಮಾ’ – ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ. ಶಿವಮೊಗ್ಗದಿಂದ ಹೊರಟ ಆಂಬುಲೆನ್ಸ್ ತರೀಕೆರೆ ದಾಟುವ ಮೊದಲೇ ಉಸಿರು ನಿಂತರೂ ಆಸ್ಪತ್ರೆಯ ಸಾವಿನ ಲೆಕ್ಕಕ್ಕೆ ಅದು ಬರುವುದಿಲ್ಲ. ನೋವುಶಮನದ ಏರ್ಪಾಟಿನೊಂದಿಗೆ ಮನೆಗೆ ಕಳುಹಿಸಿದ್ದೂ ಕೈಚೆಲ್ಲಿ ಕರೆತಂದದ್ದೂ ದಾಖಲೆಯಲ್ಲಿ ಎಷ್ಟೋ ಸಲ ಒಂದೇ ಪದವಾಗಿ ನಿಲ್ಲುತ್ತವೆ.

ಹಾಸ್ಪೈಸ್‌ನಿಂದ ಮನೆಗೆ

ನೋವುಶಮನದೊಂದಿಗೆ ಮನೆಗೆ ಕಳುಹಿಸುವುದಕ್ಕೂ ಕೈಚೆಲ್ಲಿ ಕರೆತರುವುದಕ್ಕೂ ಇರುವ ವ್ಯತ್ಯಾಸವೇ ಉಪಶಾಮಕ ಆರೈಕೆ. ಕಾಯಿಲೆಯನ್ನು ವಾಸಿ ಮಾಡಲಾಗದಿದ್ದಾಗಲೂ ನೋವು, ಉಬ್ಬಸ, ವಾಂತಿ, ಭಯಗಳನ್ನು ಕಡಿಮೆ ಮಾಡುವ ವೈದ್ಯಕೀಯ ಅದು. 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್‌ನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಇದರ ಆಧುನಿಕ ರೂಪದ ಆರಂಭ. ಭಾರತದ ಮೊದಲ ಹಾಸ್ಪೈಸ್, ಮುಂಬೈಯ ಶಾಂತಿ ಅವೇದನಾ ಸದನ, ಶುರುವಾದದ್ದು 1986ರಲ್ಲಿ. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಹುಟ್ಟಿತು. 1999ರಲ್ಲಿ ಅದರ ‘ಕರುಣಾಶ್ರಯ’ ಮಾರತಹಳ್ಳಿಯ ಬಳಿ ಬಾಗಿಲು ತೆರೆಯಿತು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಉಚಿತ ಆರೈಕೆ. ಮನೆಗಳಿಗೆ ಹೋಗುವ ತಂಡವೂ ಅದಕ್ಕಿದೆ.

ಕೇರಳ ಬೇರೆ ದಾರಿ ಹಿಡಿಯಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ನೋವು ಮತ್ತು ಉಪಶಮನ ಸೊಸೈಟಿ ಊರಿನ ಸ್ವಯಂಸೇವಕರನ್ನು ಕಟ್ಟಿಕೊಂಡು ಮನೆ ಮನೆಗೆ ಹೋಯಿತು. 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಗೆ ನೀತಿ ರೂಪಿಸಿ ಸ್ಥಳೀಯ ಪಂಚಾಯಿತಿಗಳಿಗೆ ಹೊಣೆ ಕೊಟ್ಟಿತು. ಕಾಸರಗೋಡಿನ ಕನ್ನಡ ಮನೆಗಳಿಗೂ ಈ ಏರ್ಪಾಟು ತಲುಪುತ್ತದೆ. ಪಂಚಾಯಿತಿ ಹಣ ಕೊಟ್ಟ ಕಡೆ ನರ್ಸ್ ಯಾರ ಮನೆಗೆ ಹೋದಳೆಂಬ ಪಟ್ಟಿ ಇಡಲೇಬೇಕು. ಅಮೆರಿಕದ ಬಿಲ್ ಮಾಡಿದ ಕೆಲಸವನ್ನು ಅಲ್ಲಿ ಆ ಪಟ್ಟಿ ಮಾಡುತ್ತದೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ ರೂಪುಗೊಂಡದ್ದು 2012ರಲ್ಲಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಅಡಿ ಉಪಕೇಂದ್ರಗಳು ಕೊಡಬೇಕಾದ 12 ಸೇವೆಗಳಲ್ಲಿ ಹಿರಿಯರ ಮತ್ತು ಉಪಶಾಮಕ ಆರೈಕೆಯೂ ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 5.68 ಕೋಟಿ ಜನರಿಗೆ ಇಂಥ ಆರೈಕೆ ಬೇಕು, ಸಿಗುತ್ತಿರುವುದು ಸುಮಾರು ಶೇ 14 ಮಂದಿಗೆ.

ಎಣಿಸಿಟ್ಟ ಮಾತ್ರೆ

ಉಪಶಾಮಕ ಆರೈಕೆಯಲ್ಲಿ ಅತ್ಯಂತ ಕಟ್ಟುನಿಟ್ಟಾದ ಲೆಕ್ಕವಿರುವುದು ಮಾರ್ಫಿನ್‌ಗೆ. ಕ್ಯಾನ್ಸರಿನ ತೀವ್ರ ನೋವಿಗೆ ಅಗ್ಗವೂ ಪರಿಣಾಮಕಾರಿಯೂ ಆದ ಔಷಧಿ ಇದು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ವರ್ಷಗಟ್ಟಲೆ ಆಸ್ಪತ್ರೆಗಳು ಇದರ ತಂಟೆಗೇ ಹೋಗಲಿಲ್ಲ. 2014ರ ತಿದ್ದುಪಡಿ ನಿಯಮಗಳನ್ನು ದೇಶಕ್ಕೆಲ್ಲ ಒಂದಾಗಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟುಕೊಳ್ಳಲು ಹಾದಿ ಮಾಡಿತು. ಅಂಥ ಸಂಸ್ಥೆ ಎಷ್ಟು ಮಾತ್ರೆ ಬಂತು, ಯಾರಿಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ನಿತ್ಯ ಬರೆಯಬೇಕು, ವರ್ಷದ ಲೆಕ್ಕ ಒಪ್ಪಿಸಬೇಕು. ಲ್ಯಾನ್ಸೆಟ್ ಆಯೋಗ 2017ರಲ್ಲಿ ಲೆಕ್ಕ ಹಾಕಿದಂತೆ ಭಾರತದಲ್ಲಿ ಸಿಗುತ್ತಿದ್ದ ಇಂಥ ಔಷಧಿ ಅಗತ್ಯದ ಶೇ 4 ಮಾತ್ರ. ಮಾತ್ರೆಗೆ ಒಂದೊಂದಾಗಿ ಲೆಕ್ಕವಿದೆ. ಆ ಮಾತ್ರೆ ಸಿಗದೆ ರಾತ್ರಿಯಿಡೀ ನರಳಿದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಊರಿನ ಪಟ್ಟಿ

ಹಾಗೆಂದು ಎಣಿಸುವ ಸಾಧನವೇ ಇಲ್ಲವೆಂದಲ್ಲ. ಆಶಾ ಕಾರ್ಯಕರ್ತೆಯರು 30 ದಾಟಿದವರಿಗಾಗಿ ಮನೆ ಮನೆಯಲ್ಲಿ ತುಂಬುವ ಸಮುದಾಯ ಆಧಾರಿತ ತಪಾಸಣಾ ಪಟ್ಟಿಯಲ್ಲಿ 60 ದಾಟಿದವರಿಗೆ ಪ್ರತ್ಯೇಕ ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ? ಊಟ, ಬಟ್ಟೆ, ಸ್ನಾನ, ಶೌಚಕ್ಕೆ ಬೇರೆಯವರ ಸಹಾಯ ಬೇಕೇ? ಹತ್ತಿರದವರ ಹೆಸರು, ಮನೆಯ ವಿಳಾಸ ಮರೆತುಹೋಗುತ್ತದೆಯೇ? ಲಾಸಿಯ ಸಮೀಕ್ಷಕರು ದೇಶದ 72,250 ಮಂದಿಯ ಬಳಿ ಕೇಳಿದ್ದರ ಸಾರವನ್ನೇ ಇಲ್ಲಿ ಆಶಾ ಪ್ರತಿ ಮನೆಯಲ್ಲೂ ಕೇಳುತ್ತಾಳೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಆರಂಭವಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ ರಕ್ತದೊತ್ತಡ, ಮಧುಮೇಹ, ಕೆಲವು ಬಗೆಯ ಕ್ಯಾನ್ಸರ್‌ಗಳ ತಪಾಸಣೆಯನ್ನು ಮನೆ ಬಾಗಿಲಿಗೆ ತಂದಿತು.

ಕೊನೆಯ ದಿನಗಳ ನಿರ್ಧಾರಕ್ಕೂ ಈಗ ದಾಖಲೆ ಹುಟ್ಟಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಘನತೆಯ ಸಾವಿನ ಹಕ್ಕನ್ನು ಮಾನ್ಯ ಮಾಡಿತು, 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ವಾಸಿಯಾಗುವ ಆಸೆಯೇ ಇಲ್ಲದಾಗ ಯಂತ್ರಗಳ ಬಲದಿಂದ ಜೀವ ಉಳಿಸುವುದು ಬೇಡವೆಂದು ಆರೋಗ್ಯವಂತರಿರುವಾಗಲೇ ಬರೆದಿಡುವ ಮುಂಗಡ ನಿರ್ದೇಶನದ ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿ ಕಾಪಿಡಬೇಕು. ಹಳ್ಳಿಯ ಮಟ್ಟಿಗೆ ಅದು ಪಂಚಾಯಿತಿ.

ಹೀಗೆ ಒಂದೇ ಊರಿನಲ್ಲಿ ಹಾಸಿಗೆ ಹಿಡಿದವರ ಗುರುತು ಆಶಾಳ ಪಟ್ಟಿಯಲ್ಲಿದೆ, ಔಷಧಿಯ ಲೆಕ್ಕ ಆಸ್ಪತ್ರೆಯ ಪುಸ್ತಕದಲ್ಲಿದೆ, ಸಾವಿನ ಮಾಹಿತಿ ನೋಂದಣಿಯ ನಮೂನೆಯಲ್ಲಿದೆ. ಒಂದನ್ನು ತುಂಬಿದವರು ಇನ್ನೊಂದನ್ನು ನೋಡುವುದಿಲ್ಲ. ಆಶಾಳ ಪಟ್ಟಿಯಲ್ಲಿ ‘ಸ್ನಾನಕ್ಕೆ ಸಹಾಯ ಬೇಕು’ ಎಂದಿದ್ದವರು ಎರಡು ವರ್ಷದ ಮೇಲೆ ನಮೂನೆ 2ಕ್ಕೆ ಬಂದಾಗ, ಆ ಎರಡು ವರ್ಷ ಅವರ ಮನೆಗೆ ನರ್ಸ್ ಹೋಗಿದ್ದಳೇ ಎಂಬುದಕ್ಕೆ ಸಿಗುವ ಉತ್ತರ ‘ಆಸ್ಪತ್ರೆಯ ಹೊರಗೆ’ ಅಥವಾ ‘ಯಾವ ನೆರವೂ ಇಲ್ಲ’ ಎಂಬ ಎರಡು ಚೌಕಗಳಲ್ಲಿ ಒಂದಕ್ಕೆ ಹಾಕಿದ ಗುರುತು ಮಾತ್ರ. ದೇಶದ ಶೇ 45 ಆಗಲಿ, ಶೇ 34.5 ಆಗಲಿ, ಹುಟ್ಟಿದ್ದು ಆ ಗುರುತಿನಿಂದಲೇ. ತಿಥಿಯ ಗಡಿಬಿಡಿಯಲ್ಲಿ, ಮರಣ ಪತ್ರ ಬೇಗ ಸಿಕ್ಕರೆ ಸಾಕೆಂದು ಬಂದ ಮಗನ ಬಾಯಿಂದ ಕೇಳಿ ಅದನ್ನು ಹಾಕಲಾಗುತ್ತದೆ.